ಎಂಬತ್ತು ಗ್ರೇನಿನ ಗುಂಡು

ಡೆಟ್ರಾಯಿಟ್ಟಿನ ಸುತ್ತಲಿನ ಕನ್ನಡದ ಮನೆಗಳಲ್ಲಿ ಶಿವಬಸಪ್ಪನ ಹೆಸರು ಬಂದರೆ ಸಾಕು, ಅದರ ಬೆನ್ನಿಗೇ ಒಂದು ಕತೆಯೂ ಬರುತ್ತಿತ್ತು. ಸಾವಿರದ ಒಂಬೈನೂರ ಎಪ್ಪತ್ತರ ನವೆಂಬರಿನಲ್ಲಿ ಗಾಯಗೊಂಡ ಜಿಂಕೆಯೊಂದರ ಜಾಡು ಹಿಡಿದು ಅವನು ಏಳು ತಾಸು ಹಿಮದ ಜೌಗುಕಾಡನ್ನು ಅಲೆದಿದ್ದನು. ಮಂಜುಗಡ್ಡೆ ಒಡೆದು ನೀರಿಗೆ ಬಿದ್ದ ಗೆಳೆಯನನ್ನು ಎಳೆದು ಬದುಕಿಸಿದ್ದನು. ಕೊನೆಗೆ ಗೆಳೆಯನನ್ನೂ ಜಿಂಕೆಯನ್ನೂ ಬಿಡದೆ ಮರಳಿ ತಂದಿದ್ದನು. ಗುರಿಕಾರನಾದ ಅವನ ಗುಂಡು ಆ ದಿನ ಏಕೆ ತಪ್ಪಿತೆಂದು ಯಾರಾದರೂ ಕೇಳಿದರೆ, "ಕೈ ನಡುಗಿತ್ರಿ" ಎನ್ನುತ್ತಿದ್ದನು. ಮಂದಿ ನಗುತ್ತಿದ್ದರು. ಅವನೂ ನಗುತ್ತಿದ್ದನು.

ಏಳು ವರ್ಷಗಳ ಬಳಿಕ, ಅಕ್ಟೋಬರಿನ ಒಂದು ಭಾನುವಾರ, ಡೆಟ್ರಾಯಿಟ್ ಬಳಿಯ ನೋವೈ ಊರಿನ ಅವನ ಮನೆಗೆ ಅಶ್ವಥ್ ಬಂದನು. ಷಿಕಾಗೋ ಬಳಿಯ ಡೆಸ್ ಪ್ಲೇನ್ಸಿನಲ್ಲಿ ಕೆಲಸಕ್ಕಿದ್ದ ಬೆಂಗಳೂರಿನ ಯುವಕ. ಬಂದೂಕಿನ ಕ್ಯಾಟಲಾಗೊಂದನ್ನು ಜೊತೆಗಿಟ್ಟುಕೊಂಡು ಮುನ್ನೂರು ಮೈಲಿ ಡ್ರೈವ್ ಮಾಡಿದ್ದನು.

"ಅಂಕಲ್, ನಮ್ಮ ಇಲಿನಾಯಲ್ಲಿ ಜಿಂಕೆಗೆ ರೈಫಲ್ ಅಲೋ ಮಾಡಲ್ಲ. ಅದಕ್ಕೇ ಈ ಸಲ ನಿಮ್ಮ ಮಿಷಿಗನ್‌ಗೆ ಬರ್ತೀನಿ. ಬೇಸಿಗೇಲಿ ತೋಟ ಅಗೆಯೋ ವುಡ್‌ಚಕ್ಕಿಗೂ ಅದೇ ರೈಫಲ್ ಆಗ್ಬೇಕು. ಟು-ಫಾರ್ಟಿ-ತ್ರೀ ಕ್ಯಾಲಿಬರ್ ಅಂತ ಡಿಸೈಡ್ ಮಾಡಿದೀನಿ. ಗುಂಡು ಮಾತ್ರ ಎರಡಕ್ಕೂ ಹಗುರದ್ದೇ, ಎಂಬತ್ತು ಗ್ರೇನ್ ತೂಕದ್ದು. ಚಿಕ್ಕದಾದ್ರೆ ಪಾಪ, ಜಿಂಕೆಗೂ ನೋವು ಕಮ್ಮಿ ಅಲ್ವಾ?"

ಅಡಿಗೆಮನೆಯಲ್ಲಿ ರುದ್ರಮ್ಮ ಊರಿನಿಂದ ಬಂದ ಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಶಿವಬಸಪ್ಪ ಚಹದ ಕಪ್ಪನ್ನು ಕೆಳಗಿಟ್ಟನು.

"ನೋವು ಕಡಿಮಿ ಅಂತ ಯಾರು ಹೇಳಿದ್ರೋ ನಿನಗ?"

"ಯಾರೂ ಇಲ್ಲ ಅಂಕಲ್. ಕಾಮನ್ ಸೆನ್ಸ್."

"ಏಳು ವರ್ಷದ ಹಿಂದ ನನ್ನ ಹತ್ರಾನೂ ಅದ ಕಾಮನ್ ಸೆನ್ಸ್ ಇತ್ತಪಾ." ಅವನು ಒಮ್ಮೆ ಅಡಿಗೆಮನೆಯ ಬಾಗಿಲ ಕಡೆಗೆ ನೋಡಿದನು. ಸುಮ್ಮನಿದ್ದರೆ ಈ ಹುಡುಗನ ಕೈಯಲ್ಲಿ ಇನ್ನೊಂದು ಜಿಂಕೆ ನರಳುತ್ತದೆ. ಹೇಳಿದರೆ ಒಳಗಿರುವವಳ ಎದೆ ಒಡೆಯುತ್ತದೆ. ಕೊನೆಗೆ ಹೇಳತೊಡಗಿದನು.

ಆ ವರ್ಷ ಅವನು ದುಡಿಯುತ್ತಿದ್ದ ಕಾರು ಕಾರ್ಖಾನೆಯಲ್ಲಿ ದೀರ್ಘ ಮುಷ್ಕರ. ಸ್ಟ್ಯಾನ್ ಎಂಬ ಮುದಿ ಟೂಲ್‌ಮೇಕರ್‌ನ ಮನೆಯಲ್ಲಿ ಒಲೆ ಉರಿಯುವುದೇ ಕಷ್ಟವಾಗಿತ್ತು. ಶಿವಬಸಪ್ಪ ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಅವನಿಗೆ ತನ್ನ ಕೋಟು ಕೊಟ್ಟವನು, ಹಿಮದ ಮೇಲೆ ಕಾರು ಓಡಿಸಲು ಕಲಿಸಿದವನು ಈ ಸ್ಟ್ಯಾನ್. ಪ್ರತಿ ನವೆಂಬರಿನಲ್ಲಿ ಅವನು ಹೊಡೆದು ತರುತ್ತಿದ್ದ ಒಂದು ಜಿಂಕೆ ಆರು ಮಂದಿಯ ಆ ಮನೆಯನ್ನು ಚಳಿಗಾಲ ದಾಟಿಸುತ್ತಿತ್ತು. ಈಗ ಅವನ ಎರಡು ಕಣ್ಣಿಗೂ ಪೊರೆ ಬಂದಿತ್ತು. "ನಿನ್ನ ಬದಲು ನಾನು ಹೊಡೀತೀನಿ" ಎಂದವನು, ಜನ್ಮದಲ್ಲಿ ಮೊಟ್ಟೆಯನ್ನೂ ಮುಟ್ಟದ ಶಿವಬಸಪ್ಪ. ಹುಬ್ಬಳ್ಳಿಯ ಕಾಲೇಜಿನ ಎನ್‌ಸಿಸಿಯಲ್ಲಿ ತ್ರೀ-ನಾಟ್-ತ್ರೀ ಬಂದೂಕು ಹಿಡಿದು ಗುರಿಸ್ಪರ್ಧೆಯ ಕಪ್ಪು ಗೆದ್ದ ಕೈ ಅದು.

ಬಂದೂಕಿನ ಅಂಗಡಿಯಲ್ಲಿ ಸ್ಟ್ಯಾನ್, "ಜಿಂಕೆಗೆ ಥರ್ಟಿ-ಆಟ್-ಸಿಕ್ಸ್. ಯೋಚಿಸುವುದೇ ಬೇಡ" ಎಂದಿದ್ದನು. ಆದರೆ ನೋವೈಯ ಹಿತ್ತಲಿನಲ್ಲಿ ಹೆಗ್ಗಣದ ದೊಡ್ಡಪ್ಪನಂಥ ವುಡ್‌ಚಕ್ಕೊಂದು ರುದ್ರಮ್ಮನ ಅವರೆ, ಮೆಂತ್ಯದ ಮಡಿಗಳ ಕೆಳಗೆಲ್ಲ ಬಿಲ ತೋಡಿತ್ತು. ಅಷ್ಟು ದೊಡ್ಡ ಬಂದೂಕು ಆ ಸಣ್ಣ ಪ್ರಾಣಿಗೆ ಹೊಂದುವುದಿಲ್ಲ. ಎರಡಕ್ಕೂ ನಡುವಿನದೆಂದು ಟು-ಫಾರ್ಟಿ-ತ್ರೀ ಕೊಂಡರು. ಜೊತೆಗೆ ತೋಟಾಗಳ ಎರಡು ಡಬ್ಬಿ. ಸ್ಟ್ಯಾನ್ ಬೆರಳೆತ್ತಿ ಹೇಳಿದನು: "ನೂರು ಗ್ರೇನ್ ತೂಕದ ಗುಂಡು ಜಿಂಕೆಗೆ. ಎಂಬತ್ತರದು ವುಡ್‌ಚಕ್ಕಿಗೆ. ಅದಲು ಬದಲು ಮಾಡಬೇಡ."

ಹೊರಡುವ ದಿನ ರುದ್ರಮ್ಮ ಬುತ್ತಿ ಕಟ್ಟಿಕೊಟ್ಟಳು. ಕೊರಳಿನ ಲಿಂಗದ ಮೇಲೆ ಕೈಯಿಟ್ಟುಕೊಂಡು ಬಾಗಿಲಲ್ಲಿ ನಿಂತಳು.

"ಗೆಳ್ಯಾನ ಮನಿಗೆ ಬೇಕಂತ ಹೊಂಟೀರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಆ ಮೂಕಜೀವಕ್ಕ ನೋವಾಗಬಾರ್ದು. ಸಣ್ಣ ಗುಂಡಿಲೇ ಹೊಡೀರಿ. ಮಾತು ಕೊಡ್ರಿ."

ಅವನು ಮಾತು ಕೊಟ್ಟನು.

ಡೆಟ್ರಾಯಿಟ್ಟಿನಿಂದ ಉತ್ತರಕ್ಕೆ ಇನ್ನೂರು ಮೈಲಿ ಹೋದರೆ ಗ್ರೇಲಿಂಗ್. ಅಲ್ಲಿಂದ ಮುಂದೆ ಊರುಗಳು ವಿರಳವಾಗಿ, ಮರಗಳು ಒತ್ತಾಗುತ್ತವೆ. ಮರಳುದಿಣ್ಣೆಗಳ ಮೇಲೆ ಪೈನ್, ತಗ್ಗಿನಲ್ಲಿ ಸೀಡರ್; ಸೀಡರಿನ ಬೇರುಗಳ ನಡುವೆ ಎಂದೂ ಆರದ ಕಪ್ಪು ನೀರು. ಹಿಮ ಬಿದ್ದಾಗ ಆ ನೀರಿನ ಮೇಲೆ ತೆಳುವಾದ ಹೆಪ್ಪುಗಟ್ಟಿ, ಎಲ್ಲಿ ನೆಲ, ಎಲ್ಲಿ ಹೊಂಡ ಎಂಬುದೇ ತಿಳಿಯದಂತಾಗುತ್ತದೆ. ಗಾಳಿಯಿಲ್ಲದ ಬೆಳಗಿನಲ್ಲಿ ಕೊಂಬೆಯಿಂದ ಹಿಮ ಜಾರುವ ಸದ್ದೂ ಹೆಜ್ಜೆಯ ಸದ್ದಿನಂತೆ ಕೇಳಿಸುತ್ತದೆ. ಸ್ಟ್ಯಾನನ ಮರದ ಗುಡಿಸಲು ಇದ್ದದ್ದು ಆ ಜೌಗಿನ ಅಂಚಿನಲ್ಲಿ.

ಬೆಳಗಾಗುತ್ತಲೇ ಮೇಜಿನ ಮೇಲೆ ಎರಡೂ ಡಬ್ಬಿಗಳು ಇದ್ದವು. ಶಿವಬಸಪ್ಪ ಎರಡನ್ನೂ ನೋಡಿದನು, ಎಂಬತ್ತರದನ್ನು ಎತ್ತಿಕೊಂಡನು. ಗುರಿ ಸರಿಯಿದ್ದರೆ ಗುಂಡಿನ ತೂಕವೇನು ಮಹಾ ಎಂದು ತನಗೆ ತಾನೇ ಹೇಳಿಕೊಂಡನು. ಕಣ್ಣು ಮಂಜಾದ ಸ್ಟ್ಯಾನನಿಗೆ ಅದು ಕಾಣಲಿಲ್ಲ. ಅವನು ತಡವರಿಸುತ್ತ ಬಂದು, ತನ್ನ ಬಳಿಯಿದ್ದ ನೂರು ಗ್ರೇನಿನ ಒಂದು ತೋಟಾವನ್ನು ಗೆಳೆಯನ ಷರಾಯಿಯ ಜೇಬಿಗೆ ಹಾಕಿ, "ಅದೃಷ್ಟಕ್ಕೆ" ಎಂದನು. "ಒಂದು ಮಾತು. ಗಾಯಗೊಂಡ ಪ್ರಾಣಿಯನ್ನು ಕಾಡಿನಲ್ಲಿ ಬಿಟ್ಟು ಬರಬೇಡ."

ಜೊತೆಗೆ ಹೊರಟವನು ಮೈಸೂರಿನ ರಘೋತ್ತಮ, ಅದೇ ಕಾರ್ಖಾನೆಯ ಇಂಜಿನಿಯರು. ಬಂದೂಕು ಮುಟ್ಟುವವನಲ್ಲ, ದಿಕ್ಸೂಚಿ ಮತ್ತು ಪೆನ್ಸಿಲ್ ಅವನ ಆಯುಧ.

"ಸ್ವಾಮಿ, ನಾನು ಬಂದಿರೋದು ದಾರಿ ತೋರ್ಸೋಕೆ ಮಾತ್ರ. ಪಾಪ ಪೂರ್ತಿ ನಿಮ್ಮ ಪಾಲಿಗೆ."

"ಪುಣ್ಯಾನೂ ನಂದ ಆಗ್ತೈತಿ, ಆಮ್ಯಾಲ ಕೇಳಬ್ಯಾಡ್ರಿ ಮತ್ತ!"

ಎಂಟು ಗಂಟೆಗೆ ಗಂಡುಜಿಂಕೆಯೊಂದು ಸೀಡರುಗಳಿಂದ ಹೊರಬಂದಿತು. ತೊಂಬತ್ತು ಗಜ ದೂರ. ಉಸಿರು ಹಬೆಯಾಗುತ್ತಿತ್ತು.

ಕೈ ನಡುಗಲಿಲ್ಲ.

ಗುಂಡು ಹಾರಿತು. ಜಿಂಕೆ ಕುಸಿಯಿತು.

"ಬಿತ್ತು!" ರಘೋತ್ತಮ ಕೂಗಿದನು.

ಜಿಂಕೆ ಎದ್ದಿತು. ಒಂದು ಮುಂಗಾಲು ಜೋತುಬಿದ್ದಿತ್ತು. ಮೂರು ಕಾಲಿನಲ್ಲಿ ನೆಗೆದು ಕಾಡಿನೊಳಗೆ ಮಾಯವಾಯಿತು.

ಅವರು ಹೋಗಿ ನೋಡಿದಾಗ ಹಿಮದ ಮೇಲೆ ರಕ್ತವಿತ್ತು. ಅದರ ನಡುವೆ ಉಗುರಿನಷ್ಟು ಮೂಳೆಯ ಚೂರು. ಗುಂಡು ತಾನು ಗುರಿಯಿಟ್ಟ ಜಾಗಕ್ಕೇ ಬಡಿದಿದೆಯೆಂದು ಶಿವಬಸಪ್ಪನಿಗೆ ಗೊತ್ತಾಯಿತು. ಬಡಿದು, ಒಳಗೆ ಇಳಿಯದೆ, ಹೆಗಲಿನ ಮೂಳೆಯ ಮೇಲೆಯೇ ಪುಡಿಯಾಗಿದೆ. ಕೊಟ್ಟ ಮಾತು ನೆನಪಾಯಿತು.

"ಹುಡುಕೂಣು ನಡೀರಿ. ಸಿಗೂತನಾ ಹುಡುಕೂಣು."

ಮೂರು ಗೊರಸಿನ ಗುರುತು. ನಾಲ್ಕನೆಯದರ ಜಾಗದಲ್ಲಿ ಉದ್ದನೆಯ ಗೀರು. ಆ ಗೀರನ್ನು ಹಿಡಿದು ಅವರು ನಡೆದರು, ಬಾಗಿದರು, ಬಿದ್ದ ಮರಗಳ ಕೆಳಗೆ ತೆವಳಿದರು. ಅಲ್ಲಲ್ಲಿ ಜಿಂಕೆ ಮಲಗಿ ಎದ್ದ ಕುಳಿಗಳು, ಕುಳಿಯ ಒಂದು ಬದಿ ಕೆಂಪು. ಒಂದೊಂದು ಕುಳಿ ಸಿಕ್ಕಿದಾಗಲೂ ರಘೋತ್ತಮ ಹಳೆಯ ಲಕೋಟೆಯೊಂದರ ಬೆನ್ನಿಗೆ ಚುಕ್ಕೆಯಿಟ್ಟುಕೊಂಡನು. ಹನ್ನೊಂದರ ಹೊತ್ತಿಗೆ ಹಿಮ ಸುರಿಯತೊಡಗಿತು.

ಬೀವರ್ ಎಂಬ ನೀರುಪ್ರಾಣಿಗಳು ಒಡ್ಡು ಕಟ್ಟಿದ ಕೊಳದ ಮಗ್ಗುಲಲ್ಲಿ ಚಟ್ ಎಂಬ ಸದ್ದಾಯಿತು.

ಶಿವಬಸಪ್ಪ ತಿರುಗಿದನು. ರಘೋತ್ತಮ ಎದೆಯವರೆಗೆ ನೀರಿನಲ್ಲಿದ್ದನು.

"ಕೈ ಕೊಡ್ರಿ!"

ಕೈ ನಿಲುಕಲಿಲ್ಲ. ಶಿವಬಸಪ್ಪ ಹೊಟ್ಟೆಯ ಮೇಲೆ ಮಲಗಿ, ತೋಟಾ ತೆಗೆದ ಬಂದೂಕಿನ ಹಿಡಿಯನ್ನು ಚಾಚಿದನು. ಮಂಜುಗಡ್ಡೆ ಕಿರುಗುಟ್ಟಿತು. ಎಳೆದನು. ಮತ್ತೆ ಎಳೆದನು. ರಘೋತ್ತಮ ದಡಕ್ಕೆ ಬಿದ್ದನು; ತುಟಿ ನೀಲಿಯಾಗಿತ್ತು.

"ನೀವು ಹೋಗ್ರೀ, ಜಾಡು ಮುಚ್ಚೋಗತ್ತೆ," ಹಲ್ಲು ಕಟಕಟಿಸುತ್ತ ಹೇಳಿದನು. "ನಾನು ಸತ್ರೆ ಮಾತ್ರ ಇಲ್ಲಿ ಬಿಡಬೇಡಿ. ಮಂತ್ರ ಹೇಳೋಕೆ ಒಬ್ಬನೂ ಸಿಗಲ್ಲ."

"ಸುಮ್ಮನ ಕೂಡ್ರಿ."

ಸೀಡರಿನ ಒಣಸಿಪ್ಪೆ ಕಿತ್ತು ಬೆಂಕಿ ಮಾಡಿದನು. ಗೆಳೆಯನ ಕಾಲ್ಚೀಲ ಹಿಂಡಿ ಒಣಗಿಸಿದನು. ತನ್ನ ಕೋಟು, ಉಣ್ಣೆಯ ಅಂಗಿ ಬಿಚ್ಚಿ ತೊಡಿಸಿದನು. ಒಂದು ಗಂಟೆ ಕಳೆಯಿತು. ಬೆಂಕಿಯ ಮುಂದೆ ಕುಳಿತ ಒಂದೊಂದು ನಿಮಿಷವನ್ನೂ ಆ ಪ್ರಾಣಿ ಎಲ್ಲಿಯೋ ತನ್ನ ಮೈಯಲ್ಲಿ ಅನುಭವಿಸುತ್ತಿದೆಯೆಂದು ಅವನಿಗೆ ತಿಳಿದಿತ್ತು. ಎದ್ದು ನೋಡುವಾಗ ಜಾಡು ಇರಲಿಲ್ಲ. ಎಲ್ಲೆಲ್ಲೂ ಒಂದೇ ಬಿಳುಪು.

ಆಗ ರಘೋತ್ತಮ ಒದ್ದೆ ಲಕೋಟೆಯನ್ನು ಬೆಂಕಿಯ ಬೆಳಕಿಗೆ ಹಿಡಿದನು. "ಇಲ್ನೋಡಿ. ಮಲಗಿದ ಜಾಗ ಎಲ್ಲಾ ಹಳ್ಳದ ಪಕ್ಕಾನೇ ಇದೆ. ಅದಕ್ಕೆ ಬಾಯಾರಿಕೆ ಕಣ್ರೀ. ಹಳ್ಳ ಬಿಡಲ್ಲ ಅದು."

ಹಳ್ಳದ ಗುಂಟ ಇಳಿದರು. ಮೂರು ಗಂಟೆಗೆ, ಬಾಗಿದ ಸೀಡರೊಂದರ ಕೆಳಗೆ, ನೀರಿಗೆ ಒಂದು ಮಾರು ದೂರದಲ್ಲಿ ಜಿಂಕೆ ಮಲಗಿತ್ತು. ಬೆನ್ನ ಮೇಲೆ ಹಿಮ ಕೂತಿತ್ತು. ತಲೆಯೆತ್ತಿ ಅವನನ್ನು ನೋಡಿತು. ಏಳಲು ಹೋಗಿ, ಆಗದೆ, ಮತ್ತೆ ನೋಡಿತು.

ರಘೋತ್ತಮ ಅತ್ತ ತಿರುಗಿ ನಿಂತನು. ಶಿವಬಸಪ್ಪ ಜೇಬಿನಿಂದ ಸ್ಟ್ಯಾನ್ ಕೊಟ್ಟ ಒಂದೇ ತೋಟಾವನ್ನು ತೆಗೆದು ತುಂಬಿದನು.

ಈ ಸಲ ಜಿಂಕೆ ಏಳಲಿಲ್ಲ.

ಹಗ್ಗ ಕಟ್ಟಿ ಎಳೆಯುತ್ತ ಮರಳಿದರು. ಬೆಳಕು ಕುಂದುತ್ತಿದ್ದಂತೆ ದೂರದಲ್ಲಿ ಟ್ರಕ್ಕಿನ ಹಾರ್ನ್ ಕೇಳಿಸಿತು. ಕಣ್ಣು ಕಾಣದ ಸ್ಟ್ಯಾನ್ ಗಳಿಗೆಗೊಮ್ಮೆ ಅದನ್ನು ಒತ್ತುತ್ತ ಅವರಿಗೆ ದಾರಿ ತೋರಿಸುತ್ತಿದ್ದನು. ಚರ್ಮ ಸುಲಿಯುವಾಗ ಅವನ ಬೆರಳು ಹೆಗಲಿನ ಬಳಿ ನಿಂತಿತು. ತಾಮ್ರದ ತೆಳ್ಳನೆಯ ಚೂರುಗಳನ್ನು ಹೆಕ್ಕಿ ಶಿವಬಸಪ್ಪನ ಅಂಗೈಗೆ ಹಾಕಿದನು. "ಇದು ವುಡ್‌ಚಕ್ಕಿನ ಗುಂಡು" ಎಂದು ಮತ್ತೆ ಚರ್ಮಕ್ಕೆ ಕೈಹಾಕಿದನು. ಆ ಚಳಿಗಾಲ ಆರು ಮಂದಿಯೂ ಉಂಡರು.

ಶಿವಬಸಪ್ಪ ಕತೆ ನಿಲ್ಲಿಸಿದನು. ಎಲ್ಲವನ್ನೂ ಹೇಳಿದ್ದನು, ಬಾಗಿಲಲ್ಲಿ ಕೊಟ್ಟ ಮಾತೊಂದನ್ನು ಬಿಟ್ಟು. ಆ ಡಬ್ಬಿಯನ್ನು ತಾನೇ ಆರಿಸಿದೆನೆಂದಷ್ಟೇ ಹೇಳಿದ್ದನು.

ರೊಟ್ಟಿ ಬಡಿಯುವ ಸದ್ದು ಯಾವಾಗಲೋ ನಿಂತುಹೋಗಿತ್ತು. ರುದ್ರಮ್ಮ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು.

"ಹಂಗಾರ ನಿಮ್ಮ ಕೈ ನಡುಗಿರಲಿಲ್ಲ?"

ಅವನು ತಲೆಯೆತ್ತಲಿಲ್ಲ. "ಇಲ್ಲ."

"ಏಳು ವರ್ಷ ಮಂದೀ ಕೈಲೆ ನಗಿಸಿಕೊಂಡ್ರಿ. ನನಗೊಂದು ಮಾತು ಹೇಳಲಿಲ್ಲ." ಅವಳು ಅಶ್ವಥನ ಕಡೆಗೆ ತಿರುಗಿದಳು. "ಅವರು ಆರಿಸಿದ್ದಲ್ಲಪಾ. ಸಣ್ಣ ಗುಂಡು ಅಂದಾಕಿ ನಾನು. ನೋವಾಗಬಾರ್ದಂತ ಅಂದಿದ್ದೆ."

ಹೆಂಚಿನ ಮೇಲಿನ ರೊಟ್ಟಿ ಸೀದ ವಾಸನೆ ಬಂದಿತು. ರುದ್ರಮ್ಮ ಒಳಗೆ ಹೋಗಿ ಒಲೆ ಆರಿಸಿ, ಮರಳಿ ಬಂದು ಗಂಡನ ಪಕ್ಕದ ಕುರ್ಚಿಯಲ್ಲಿ ಕುಳಿತಳು. ಹಿಟ್ಟು ಹತ್ತಿದ ಕೈಯನ್ನು ಅವನ ಕೈಯ ಮೇಲೆ ಇಟ್ಟಳು.

ಅಶ್ವಥ್ ಕ್ಯಾಟಲಾಗನ್ನು ಮುಚ್ಚಿ ನೆಲಕ್ಕಿಟ್ಟನು.

"ಅಂಕಲ್, ಇನ್ನೊಂದ್ಸಲ ಹೇಳ್ತೀರಾ? ಮೊದಲಿಂದ. ಆಂಟಿನೂ ಇಲ್ಲೇ ಇರ್ಲಿ."