ಅರ್ಧ ತಾಸು ಬಿಟ್ಟು ಕೇಳ್ರಿ

ಮೌನೇಶ್ ನನ್ನನ್ನು ಜಂಭದ ಹುಡುಗಿ ಅಂದುಕೊಂಡಿದ್ದರಲ್ಲಿ ಅವನ ತಪ್ಪೇನಿಲ್ಲ. ಎದುರಿಗೆ ಬಂದರೆ ಸಾಕು, ಮುಖ ತಿರುಗಿಸಿಕೊಂಡು ಹೋಗುತ್ತಿದ್ದವಳು ನಾನೇ.

ಹರಪನಹಳ್ಳಿಯ ಆಸ್ಪತ್ರೆಯೊಂದರ ತುರ್ತು ಘಟಕದಲ್ಲಿ ನಾನು ನರ್ಸ್, ಹೆಸರು ಪುಷ್ಪಲತಾ. ಚೇಳು ಕಡಿದವರ ನೋವಿಗೆ ಎರಡು ಚಿಕಿತ್ಸೆಗಳಲ್ಲಿ ಯಾವುದು ಮೇಲು ಅನ್ನುವ ಸಂಶೋಧನೆ ನಮ್ಮಲ್ಲೂ ಹುಬ್ಬಳ್ಳಿಯಲ್ಲೂ ನಡೆದಿತ್ತು. ಒಪ್ಪಿದವರಿಗೆ ಚೀಟಿ ಎತ್ತಿ, ಅದರಲ್ಲಿ ಬಂದ ಚಿಕಿತ್ಸೆ ಕೊಡುವುದು ನನ್ನ ಕೆಲಸ. ಅರ್ಧ ತಾಸು ಬಿಟ್ಟು ಬಂದು, "ಸೊನ್ನೆಯಿಂದ ಹತ್ತರೊಳಗ ನೋವು ಎಷ್ಟೈತಿ?" ಅಂತ ಕೇಳುವುದು ಮೌನೇಶನ ಕೆಲಸ. ಯಾರಿಗೆ ಯಾವ ಚಿಕಿತ್ಸೆ ಅಂತ ಅವನಿಗೆ ಗೊತ್ತಾಗಬಾರದು. ಗೊತ್ತಾದರೆ ಕೇಳುವ ದನಿಯೇ ಬದಲಾಗುತ್ತದೆ.

ನನ್ನ ಬಾಯಿ ಬಲು ಸಡಿಲ. ಅವನ ಕಣ್ಣುಗಳೋ, ತುಟಿಗಿಂತ ಮೊದಲೇ ನಗುವಂಥವು. ಒಂದು ಮಾತಾಡಿದರೆ ಎಲ್ಲಾ ಒದರಿಬಿಡುತ್ತೇನೆ ಅಂತ ಅವನ ಜೊತೆ ಮಾತನ್ನೇ ಬಿಟ್ಟೆ. ಅವನು ನನಗೆ ಇಷ್ಟವಾಗಿದ್ದ. ಬಹಳ ಇಷ್ಟವಾಗಿದ್ದ.

"ಹುಬ್ಬಳ್ಳಿ ಸೆಂಟರ್‌ಗೆ ಕಳಿಸ್ರಿ ಅಂತ ಮೌನೇಶ್ ಕೇಳ್ಯಾನ," ಅಂದರು ಸಂಶೋಧನೆ ನಡೆಸುತ್ತಿದ್ದ ಡಾಕ್ಟರ್ ಪಂಚಾಕ್ಷರಪ್ಪ, ಒಂದು ಸೋಮವಾರ. "ಇಲ್ಲಿ ಯಾರಿಗೋ ಅವನ್ನ ಕಂಡ್ರ ಆಗಂಗಿಲ್ಲಂತ."

ಆ ಯಾರೋ ನಾನೇ.

ಅವತ್ತೇ ಮಧ್ಯಾಹ್ನ ಚಿಗಟೇರಿಯಿಂದ ಈರಕ್ಕ ಅನ್ನುವ ಹಿರಿಯಾಕೆ ಬಂದಳು. ಕುರಿಹಟ್ಟಿಯ ಕಲ್ಲು ಸರಿಸುವಾಗ ಚೇಳು ಬೆರಳಿಗೆ ಕಡಿದಿತ್ತು. ಡಾಕ್ಟರು ನೋಡಿ, ಸಂಶೋಧನೆಯ ವಿಷಯ ವಿವರಿಸಿದರು, ಅವಳು ಒಪ್ಪಿದಳು. ಚಿಕಿತ್ಸೆ ಕೊಟ್ಟೆ. ಯಾವ ಚಿಕಿತ್ಸೆ ಅಂತ ಕಾಣದಿರಲೆಂದು ಎಲ್ಲರಿಗೂ ಸುತ್ತುವ ಹಾಗೆ ಬೆರಳಿಗೆ ಬ್ಯಾಂಡೇಜ್ ಸುತ್ತಿ, ಎಲ್ಲರಿಗೂ ಹೇಳುವ ಹಾಗೆ ಹೇಳಿದೆ, "ಒಬ್ರು ಬಂದು ನೋವು ಕೇಳ್ತಾರ. ನಾ ಏನ್ ಕೊಟ್ಟೀನಿ ಅಂತ ಅವರ ಮುಂದ ಹೇಳಬ್ಯಾಡ್ರಿ."

ಮೌನೇಶ್ ಬಂದ. ನಾನು ಪರದೆಯ ಹಿಂದೆ ಸರಿದೆ. ಅವನು ನೋವು ಎಷ್ಟು ಅಂತ ಕೇಳಿದ.

"ನೋವಿರ್ಲಿ," ಅಂದಳು ಈರಕ್ಕ. "ಆ ಹುಡುಗಿಗೂ ನಿನಗೂ ಏನ್ ಜಗಳಪ್ಪ? ನಿನ್ನ ಮುಂದ ಏನೂ ಹೇಳಬ್ಯಾಡ ಅಂದಾಳ. ನೀ ಬರೂದು ಕಂಡ ಕೂಡ್ಲೆ ಕೂದಲಾ ಸರಿ ಮಾಡ್ಕೊಂಡು ಪರದಿ ಹಿಂದ ಹೋಗಿ ನಿಂತಾಳ. ಜಗಳ ಆಡಿದೋರು ಹಂಗ ನಿಂದ್ರತಾರೇನು?"



"ನೋವು ಎಷ್ಟೈತಬೇ?" ಮತ್ತೆ ಕೇಳಿದ ಮೌನೇಶ್.

"ಮೂರು. ಬರ್ಕೊ. ಬರ್ಕೊಂಡು ಅಕೀ ಕಡಿ ಹೋಗು."

ಡ್ಯೂಟಿ ಮುಗಿಸಿ ಹೊರಬಂದರೆ ಅವನು ಗೇಟಿನ ಹತ್ತಿರ ಬೇವಿನ ಮರದ ಕೆಳಗೆ ನಿಂತಿದ್ದ.

"ಸೊನ್ನೆಯಿಂದ ಹತ್ತರೊಳಗ ಹೇಳ್ರಿ, ಸಿಸ್ಟರ್. ನನ್ನ ಮ್ಯಾಲ ಸಿಟ್ಟು ಎಷ್ಟೈತಿ?"

"ಸೊನ್ನೆ."

"ಮತ್ತ ಪ್ರೀತಿ?"

ಕಿವಿ ಬಿಸಿಯಾದವು. "ಅರ್ಧ ತಾಸು ಬಿಟ್ಟು ಕೇಳ್ರಿ. ನಿಯಮ ಐತಲ್ಲ."

ಅವನು ನಿಜವಾಗಿಯೂ ವಾಚ್ ನೋಡಿಕೊಂಡು ಕಲ್ಲುಬೆಂಚಿನ ಮೇಲೆ ಕೂತ. ಎದುರಿನ ಅಂಗಡಿಯಿಂದ ಮಂಡಕ್ಕಿ, ಮಿರ್ಚಿ ತಂದು ನಾನೂ ಪಕ್ಕದಲ್ಲಿ ಕೂತೆ. ರಸ್ತೆಯಲ್ಲಿ ಹುಬ್ಬಳ್ಳಿ ಬೋರ್ಡಿನ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಅವನ ಕಣ್ಣು ಅದರ ಹಿಂದೆಯೇ ಹೋಯಿತು.

ಅರ್ಧ ತಾಸಿಗೆ ಇನ್ನೂ ಬಹಳ ಹೊತ್ತಿತ್ತು. ನನ್ನ ಬಾಯಿ ಸಡಿಲ ಅಂತ ಮೊದಲೇ ಹೇಳಿದೆನಲ್ಲ.

"ಹತ್ತು," ಅಂದುಬಿಟ್ಟೆ. "ಹುಬ್ಬಳ್ಳಿಗೆ ಹೋಗಬ್ಯಾಡ್ರಿ."