ಇಲಿಯ ಬೆನ್ನಿನ ಔಷಧಿ

ಠಾಣೆಯಲ್ಲಿ ಯಾರಿಗೂ ಇಲಿ ಕೇಸಿನ ಅನುಭವ ಇರಲಿಲ್ಲ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಖಾಸಗಿ ಔಷಧ ಕಾಲೇಜಿನ ಸಂಶೋಧಕ ಗುರುಪ್ರಸಾದ ದೂರು ತಂದಾಗ ಹೆಡ್ ಕಾನ್‌ಸ್ಟೆಬಲ್ ಇಮಾಮುದ್ದೀನ್ ಪೆನ್ನೇ ತೆಗೆಯಲಿಲ್ಲ.

"ಬೆಕ್ಕಿನ ಮ್ಯಾಲ ಎಫ್‌ಐಆರ್ ಮಾಡೋದೇನ್ರೀ?"

"ಇಲಿ ಅಲ್ಲೇ ಅದಾವ್ರೀ. ಬೆನ್ನಾಗಿನ ಪಂಪ್ ಒಯ್ದಾರ."

ಇನ್ಸ್‌ಪೆಕ್ಟರ್ ಯಶೋಧರಾ ಅವನನ್ನು ಕೂಡಿಸಿ ಬಿಡಿಸಿ ಕೇಳಿದಳು. ಕ್ಯಾನ್ಸರ್ ಗಡ್ಡೆ ಬೆಳೆಸಿದ ಪುಟ್ಟ ಇಲಿಗೆ ಅರಿವಳಿಕೆ ಕೊಟ್ಟು, ಬೆನ್ನ ಚರ್ಮವನ್ನು ಉಗುರಿನಷ್ಟು ಕೊಯ್ದು, ಪಂಪ್ ಎನ್ನುವ ಗುಳಿಗೆ ಗಾತ್ರದ ಕೊಳವೆಯನ್ನು ಒಳಗೆ ತೂರಿಸಿ ಕ್ಲಿಪ್ ಹಾಕುತ್ತಾರೆ. ಔಷಧಿ ವಾರಗಟ್ಟಲೆ ತಾನೇ ಜಿನುಗುತ್ತದೆ. ಗಡ್ಡೆ ಕರಗತೊಡಗಿದ್ದು ಆರು ಇಲಿಗಳಲ್ಲಿ. ಆ ಆರರ ಕೊಳವೆಗಳೇ ಹೋಗಿದ್ದವು.

"ಯಾರ ಮ್ಯಾಲ ಸಂಶಯ?"

"ಪಕ್ಕದ ಲ್ಯಾಬಿನವ್ರ ಮ್ಯಾಲ. ನನ್ನ ಪಿಎಚ್‌ಡಿ ಕೆಡಸಾಕ ಮಾಡ್ಯಾರ."

ಗುನ್ನೆ ದಾಖಲಾಯಿತು. ಮಧ್ಯಾಹ್ನ ಪಂಚನಾಮೆಗೆ ಹೋದಾಗ ಎರಡು ಇಲಿ ಸತ್ತಿದ್ದವು, ನಾಲ್ಕು ಉಸಿರಾಡುತ್ತಿದ್ದವು. ಬೆನ್ನ ಮೇಲೆ ಕ್ಲಿಪ್ ಬದಲು ಕರಿ ನೂಲಿನ ಹೊಲಿಗೆ. ಪಂಜರದಲ್ಲಿ ಹಳೆಯ ಸೀರೆಯ ತುಂಡು ಹಾಸಿ, ಮೇಲೆ ಯಾರೋ ಬಲ್ಬು ಉರಿಸಿಟ್ಟಿದ್ದರು.

"ಬಲ್ಬ್ ಯಾಕ್ರೀ?"

"ಕೊಯ್ದ ಮ್ಯಾಲ ಬೆಚ್ಚಗಿಡಬೇಕ್ರೀ. ಇಲ್ಲಂದ್ರ ಥಂಡಿ ಹತ್ತಿ ಸಾಯ್ತಾವ."

ಕೆಡಿಸಲು ಬಂದವನು ಹೊಲಿದು ಹೋಗುವುದಿಲ್ಲ. ಯಶೋಧರಾಳಿಗೆ ಅಲ್ಲೇ ಅನಿಸಿತು.

"ಇವನ್ನ ದಿನಾ ನೋಡಿಕೊಳ್ಳೋರು ಯಾರು?"

"ಅಟೆಂಡರ್ ಸೂರ್ಯಕಾಂತ. ರಜಾ ಹಾಕಿ ಕಮಲಾಪುರಕ್ಕ ಹೋಗ್ಯಾನ. ಹೆಂಡ್ತಿಗಿ ಆರಾಮಿಲ್ಲಂತ."

"ಏನಾಗ್ಯಾದ?"

ಗುರುಪ್ರಸಾದ ಅದನ್ನು ಕೇಳಿರಲಿಲ್ಲ.

ಆದರೂ ದೂರಿನಲ್ಲಿ ಹೆಸರಿದ್ದವರ ಹೇಳಿಕೆ ಮೊದಲು ಆಗಬೇಕಿತ್ತು. ಪಕ್ಕದ ಲ್ಯಾಬಿನವರು ಒಬ್ಬೊಬ್ಬರಾಗಿ ಬಂದು ಕೂಗಾಡಿ ಹೋದರು. ಎರಡು ದಿನ ಅದಕ್ಕೇ ಹಿಡಿಯಿತು.

ಬುಧವಾರ ಒಂಬತ್ತಕ್ಕೆ ಜೀಪು ಕಮಲಾಪುರ ಮುಟ್ಟಿತು. ಬಾಳೆತೋಟದ ಹಿಂದಿನ ಮನೆಯ ಬಾಗಿಲಲ್ಲೇ ಕೀವಿನ ವಾಸನೆ. ಇಮಾಮುದ್ದೀನ್ ಮೂಗಿಗೆ ಕರವಸ್ತ್ರ ಹಿಡಿದ. ಒಳಗೆ ಚಾಪೆಯ ಮೇಲೆ ಸೂರ್ಯಕಾಂತನ ಹೆಂಡತಿ ಹಣಮಮ್ಮ ಜ್ವರದಲ್ಲಿ ನಡುಗುತ್ತಿದ್ದಳು. ಅವಳ ಮೇಲೆ ತಂತಿಯಿಂದ ಬಲ್ಬು ಇಳಿಬಿದ್ದಿತ್ತು. ಹಗಲಲ್ಲೂ ಉರಿಯುತ್ತಿತ್ತು.

"ಪಂಪ್ ಎಲ್ಲಿ?"

ಸೂರ್ಯಕಾಂತ ಸೆರಗು ಸರಿಸಿದ. ಬಾತ ತೋಳಿನ ಮೇಲೆ ಆರು ಗಂಟು, ಆರು ಕರಿ ಹೊಲಿಗೆ.

"ಆರೂ ಇಲ್ಲೇ ಅದಾವ್ರೀ."

"ಯಾರು ಕೊಯ್ದದ್ದು?"

"ನಾನೇ. ಇಲಿಗಿ ಮಾಡೂವಾಗ ನೋಡೀನಲ್ರೀ."

ಹಣಮಮ್ಮ ಕಣ್ಣು ತೆರೆದಳು. "ಇವ್ರಿಗಿ ಅಂಗಿ ಗುಂಡಿ ಹಚ್ಚಾಕ ಬರಂಗಿಲ್ಲ, ಅಕ್ಕೋರೇ. ನನ್ನ ತೋಳು ಹೊಲ್ದಾರ."

ಯಶೋಧರಾ ಆಂಬುಲೆನ್ಸಿಗೆ ಫೋನ್ ಮಾಡಿದಳು.

ಕಲಬುರಗಿಯ ಆಸ್ಪತ್ರೆಯಲ್ಲಿ ಕೊಳವೆಗಳನ್ನು ತೆಗೆದು ಪಂಚರೆದುರು ಜಪ್ತಿ ಮಾಡಲಾಯಿತು. ನಂಜು ಮೈಗೆ ಏರಿತ್ತು. "ಎರಡು ದಿನ ಮೊದಲ ತಂದಿದ್ರ ನೋಡಬಹುದಿತ್ತು," ಎಂದರು ಡಾಕ್ಟರು. ಯಶೋಧರಾ ಪಕ್ಕದ ಲ್ಯಾಬಿನವರ ಹೇಳಿಕೆಗಳ ದಿನಾಂಕ ತೆಗೆದು ನೋಡಿದಳು.

ಗುರುಪ್ರಸಾದ ಹೇಳಿಕೆ ಕೊಟ್ಟ. "ಒಂದು ಇಲಿ ಇಪ್ಪತ್ತೈದು ಗ್ರಾಂ ರೀ. ಆರೂ ಹಾಕಿದ್ರೂ ಮನಷ್ಯಾಗ ಏನೂ ಹತ್ತಂಗಿಲ್ಲ. ಹಂಡೆದಾಗ ಹನಿ ಬಿಟ್ಟಂಗ."

ಸಂಜೆ ನಾಲ್ಕಕ್ಕೆ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಸೂರ್ಯಕಾಂತನ ದಸ್ತಗಿರಿ ಆಯಿತು. ಅವನು ಕೈ ತಾನೇ ಮುಂದೆ ಮಾಡಿದ. ಇಮಾಮುದ್ದೀನ್ ಬೇಡಿ ಹಾಕಲಿಲ್ಲ.

"ಒಂದು ಮಾತು ಕೇಳಬಾರದಿತ್ತೇನು?" ಎಂದಳು ಯಶೋಧರಾ.

"ಕೇಳೀನ್ರೀ. ಇದು ಮನಷ್ಯಾರಿಗಿ ಯಾವಾಗ ಬರ್ತದ್ರೀ ಅಂತ ಗುರುಪ್ರಸಾದ ಸರ್‌ಗಿ ಕೇಳೀನಿ. ಹತ್ತು ವರ್ಷ ಅಂದ್ರು. ಆಕಿ ಎದಿಯಾಗಿನ ಗಡ್ಡಿ ನೋಡಿ ಡಾಕ್ಟ್ರು ಮೂರು ತಿಂಗಳ ಅಂದಿದ್ರು."

"ಮತ್ತ ಇಲಿ ಯಾಕ ಹೊಲಿದಿ?"

"ಅವೂ ಆರಾಮ ಆಗಾಕತ್ತಿದ್ವಲ್ರೀ."

ಹಣಮಮ್ಮ ಶುಕ್ರವಾರ ತೀರಿಕೊಂಡಳು. ಪ್ರಯೋಗ ಕೆಟ್ಟಿತೆಂದು ಕಾಲೇಜಿನವರು ಉಳಿದ ನಾಲ್ಕು ಇಲಿಗಳನ್ನೂ ಕೊಂದರು. ಯಶೋಧರಾ ಸೂರ್ಯಕಾಂತನ ಮೇಲೆ ನಿರ್ಲಕ್ಷ್ಯದ ಸಾವಿನ ಕಲಂ ಸೇರಿಸಲು ಕೋರ್ಟಿಗೆ ಬರೆದಳು.

ಹೋದದ್ದು ಇಷ್ಟು: ಆರು ಇಲಿ, ಎರಡು ದಿನ, ಹಣಮಮ್ಮ.