ದನಿಪಟ್ಟಿ ಬಿಚ್ಚಿದ ಗುರುವಾರ

ಊಟದ ಬಿಡುವಿನಲ್ಲಿ ಟಯರ್ ಕೋಣೆಯ ಕದ ಹಾಕಿಕೊಂಡು ಫಕೀರಪ್ಪ ಕೊರಳಿಗೆ ಪಟ್ಟಿ ಬಿಗಿದುಕೊಂಡ. ಬಾಯಿ ತೆರೆದರೆ ಹೆಣ್ಣಿನ ದನಿ ಬಂತು. ಗದಗಿನ ಬಸ್ ಡಿಪೋದಲ್ಲಿ ಇಪ್ಪತ್ತು ವರ್ಷ ಟಯರ್ ಕಳಚಿ ಹಾಕಿದ ನಲವತ್ತೈದರ ಆಳಿನ ಗಂಟಲು ಅದೆಂದು ಯಾರೂ ಹೇಳುವಂತಿರಲಿಲ್ಲ.

ಅದು 2058. ಕ್ಯಾನ್ಸರಿನಿಂದ ದನಿ ಕಳೆದುಕೊಂಡವರಿಗಾಗಿ ವಿಜ್ಞಾನಿ ಮಾಲಿನಿ ಹೊಂಬಳ ಈ ದನಿಪಟ್ಟಿ ಮಾಡಿದ್ದರು. ಮಾತಾಡುವಾಗ ಗಂಟಲಿನ ಸ್ನಾಯುಗಳಲ್ಲಿ ಏಳುವ ಸಣ್ಣ ವಿದ್ಯುತ್ತನ್ನು ಅದು ಓದುತ್ತದೆ. ಸ್ವಂತ ದನಿಯನ್ನು ಅಡಗಿಸಿ, ಬೇಕಾದ ದನಿಯನ್ನು ಹೊರಡಿಸುತ್ತದೆ. ಪರೀಕ್ಷೆಗೆ ಜನ ಬೇಕೆಂದಾಗ ಫಕೀರಪ್ಪ ಹೋಗಿ, ತಲೆ ತಗ್ಗಿಸಿ, ತನಗೆ ಯಾವ ದನಿ ಬೇಕೆಂದು ಹೇಳಿದ್ದ. ಮಾಲಿನಿ ಯಾಕೆಂದು ಕೇಳಿರಲಿಲ್ಲ.

ಗುರುವಾರ ಮಧ್ಯಾಹ್ನ ನಾಲ್ವರು ಹೆಂಗಸರು ಫೋನಿನಲ್ಲಿ ಕೂಡಿ ಬೀಸುಕಲ್ಲಿನ ಪದ ಹಾಡುತ್ತಿದ್ದರು. ಮುಖ ತೋರಿಸುವ ಪದ್ಧತಿಯಿಲ್ಲ. ಹಿರಿಯಳು ನೀಲವ್ವ. ಐದನೆಯವಳಾಗಿ ಸೇರಿದ ಫಕೀರಪ್ಪನ ಹೆಸರು ಅಲ್ಲಿ ಸಾವಂತ್ರಿ. ಆ ಹೆಸರಿಗೆ ಅವನು ಸ್ವಂತ ಹೆಸರಿಗಿಂತ ಬೇಗ ಓಗೊಡುತ್ತಿದ್ದ.

ಅವರಲ್ಲಿ ಒಬ್ಬಳು ನಾಗವೇಣಿ, ಇದೇ ಡಿಪೋದ ಕಂಡಕ್ಟರ್. ಗುರುವಾರ ಆಕೆಗೆ ರಜೆ. ಹುಟ್ಟಿದಾಗ ಗಂಡೆಂದು ಬರೆಸಿದ್ದರು. ಆಕೆ ಹೆಣ್ಣಾಗಿಯೇ ಬದುಕುತ್ತಿದ್ದಳು. ಯಾವ ಪಟ್ಟಿಯೂ ಇಲ್ಲದೆ ತನ್ನ ದಪ್ಪ ದನಿಯಲ್ಲೇ ಹಾಡುತ್ತಿದ್ದಳು. ಸಾವಂತ್ರಿ ಯಾರೆಂದು ಆಕೆಗೆ ಗೊತ್ತಿರಲಿಲ್ಲ.

ಒಂದು ಬುಧವಾರ ಡಿಪೋದಲ್ಲಿ ಡ್ರೈವರನೊಬ್ಬ ನಾಗವೇಣಿಯ ದನಿ ಅಣಕಿಸಿದ. ಎಲ್ಲರೂ ನಕ್ಕರು. ತನ್ನ ಮೇಲೆ ಯಾರ ಕಣ್ಣೂ ಬೀಳದಿರಲೆಂದು ಫಕೀರಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು, "ಲೇ, ಇದಕ್ಕ ಸೀರಿ ಉಡಸಿದವ್ರ ಯಾರೋ!" ಎಂದ.

ಮರುದಿನ ನಾಗವೇಣಿ ಹಾಡಲಿಲ್ಲ. "ಉಳಿದವ್ರದ್ದ ಬಿಡ್ರಿ. ಆ ಟಯರಿನ ಫಕೀರಪ್ಪ ದಿನಾ ನನಗ ಚಾ ಕೊಡಸ್ತಿದ್ದ. ಅವನೂ ನಕ್ಕ" ಎಂದಳು.

ಎಲ್ಲರೂ ಫಕೀರಪ್ಪನನ್ನು ಬೈದರು. ಸುಮ್ಮನಿದ್ದರೆ ಸಂಶಯ ಬಂದೀತೆಂದು ಸಾವಂತ್ರಿಯೂ ಬಾಯಿ ಬಿಟ್ಟಳು: "ಅಂಥಾವನ ಬಾಯಾಗ ಹುಳಾ ಬೀಳ್ಲಿ. ಅಳಬ್ಯಾಡ ನನ್ನವ್ವ."

ಎಷ್ಟು ಇಂಪಾಗಿ ಬಂತು ಆ ಮಾತು! ಅವನಿಗೆ ತನ್ನ ಮೇಲೆಯೇ ಉಗುಳಬೇಕೆನಿಸಿತು.

ಸಂಜೆ ಹೋಗಿ ಮಾಲಿನಿಯ ಮೇಜಿನ ಮೇಲೆ ಪಟ್ಟಿ ಇಟ್ಟ.

"ಕೆಟ್ಟಿತೇನು?"

"ಇಲ್ರಿ ಮೇಡಂ. ನಾಚಿಕಿ ಆಗೈತ್ರಿ."

"ಹೆಣ್ಣಿನ ದನಿ ಅಂತಲೇ?"

"ಆ ದನ್ಯಾಗ ಸುಳ್ಳ ಹೇಳಿನ್ರಿ. ನನ್ನ ಪಾಲಿಗೆ ಖರೇ ಇದ್ದದ್ದು ಅದೊಂದ ಇತ್ತು."

ಮಾಲಿನಿ ಪಟ್ಟಿಯನ್ನು ಅವನ ಕಡೆಗೇ ತಳ್ಳಿದರು. "ನಾನು ಮಾಡಿದ್ದು ದನಿ ಅಷ್ಟೇ, ಫಕೀರಪ್ಪ. ಅದರಲ್ಲಿ ಏನು ಹೇಳಬೇಕು ಅನ್ನೋದು ನಿಮಗೆ ಬಿಟ್ಟದ್ದು. ಇಟ್ಕೊಳ್ಳಿ."

ಮುಂದಿನ ಗುರುವಾರ ಬೆಟಗೇರಿಯ ನೀಲವ್ವನ ಮನೆಯಲ್ಲಿ ಎಲ್ಲರೂ ನಿಜವಾದ ಕಲ್ಲಿನ ಮುಂದೆ ಕೂಡುವ ದಿನ. ತಿಂಗಳಿಗೊಮ್ಮೆ ಬರುವ ಆ ದಿನವನ್ನು ಸಾವಂತ್ರಿ ಏನಾದರೂ ನೆಪ ಹೇಳಿ ತಪ್ಪಿಸುತ್ತಿದ್ದಳು. ಈ ಸಲ ಫಕೀರಪ್ಪ ಹೋದ. ಪಟ್ಟಿ ಜೇಬಿನಲ್ಲೇ ಇತ್ತು. ಹೊಸ್ತಿಲಲ್ಲಿ ನಿಂತು, ನೆಲ ನೋಡುತ್ತ, "ನಾನ ಸಾವಂತ್ರಿ. ಅವತ್ತ ನಕ್ಕಾಂವಾನೂ ನಾನ" ಎಂದ.

ನೀಲವ್ವ ಎಲೆಯಡಿಕೆ ಬದಿಗೆ ಸರಿಸಿದಳು. "ನೀ ಎಂದೂ ಕಲ್ಲ ಬೀಸಿದಾಕಿ ಅಲ್ಲಂತ ನನಗ ಮೊದಲ ತಿಳದಿತ್ತ. ಬೀಸಾಕಿ ಕಲ್ಲಿನ ಗೂಟ ಎಳಕೊಳ್ಳುವಾಗ ಉಸಿರ ತುಗೋತಾಳ. ನೀ ಎಲ್ಲಿ ಬೇಕಲ್ಲಿ ತುಗೋತಿದ್ದಿ. ಹೇಳುವಾಗ ತಾನ ಹೇಳ್ತಾಳ ಅಂತ ಸುಮ್ಮನಿದ್ದೆ."

"ನಕ್ಕಾಕಿ ನೀನ ಅಂತ ನನಗ ತಿಳದಿರ್ಲಿಲ್ಲ" ಎಂದಳು ನಾಗವೇಣಿ. ಅವಳ ಕಣ್ಣು ಕೆಂಪಾಗಿತ್ತು. "ನಗೂದೂ ನೀನ, ಸಮಾಧಾನ ಮಾಡೂದೂ ನೀನ. ಯಾವುದಕ್ಕ ಬಯ್ಲಿ? ನಾಳೆ ಡಿಪೋದಾಗ ಎಲ್ಲಾರ ಮುಂದ ಏನ ಮಾತಾಡ್ತಿ ನೋಡ್ತೀನಿ. ಈಗ ಕುಂದ್ರು, ಗೂಟ ಹಿಡಿ."

ಇಬ್ಬರೂ ಎದುರುಬದುರು ಕೂತು ಕಲ್ಲು ತಿರುವಿದರು. ಎರಡು ದಪ್ಪ ದನಿಗಳ ಹಿಂದೆ ಉಳಿದವರ ದನಿಗಳು ಎದ್ದವು. ನಾಚಿಕೆ ಮಾತ್ರ ಇಳಿಯಲಿಲ್ಲ. ಆ ನಗುವನ್ನು ತಾನು ಕಲಿತದ್ದೆಲ್ಲಿ ಎಂದು ಫಕೀರಪ್ಪ ಯೋಚಿಸಿದ.

2025ರಲ್ಲಿ, ಏಳನೇ ಇಯತ್ತೆಯಲ್ಲಿ, ಅಂಗೈಗೆ ಮದರಂಗಿ ಹಚ್ಚಿಕೊಂಡು ಶಾಲೆಗೆ ಹೋಗಿದ್ದ. ಮಾಸ್ತರರು ಆ ಕೈಯನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದರು. ನಲವತ್ತು ಮಕ್ಕಳು ನಕ್ಕರು. ತಪ್ಪಿಸಿಕೊಳ್ಳಲು ಅವನೂ ತನ್ನ ಕೈ ನೋಡಿ ನಕ್ಕಿದ್ದ. ಅಂದು ಅಲ್ಲಿ ಒಬ್ಬರಾದರೂ ನಗದೆ ಕೂತಿದ್ದರೆ, ಅವನು ಮೂವತ್ತು ಮೂರು ವರ್ಷ ಒಂದು ಯಂತ್ರಕ್ಕಾಗಿ ಕಾಯಬೇಕಾಗಿರಲಿಲ್ಲ.